ಬೇಸ್‌ಬಾಲ್ ಮೈದಾನಕ್ಕೆ ಸ್ಥಳೀಯ ನಿಯಮಗಳನ್ನು ಬರೆಯುವ ಬಗೆ

ಬೇಸ್‌ಬಾಲ್‌ನ ನಿಯಮ ಪುಸ್ತಕವು ಆಟದ ಅಂಗಳವನ್ನು ಅಡಿ, ಅಂಗುಲಗಳ ಲೆಕ್ಕದಲ್ಲಿ ಗೊತ್ತುಮಾಡಿಟ್ಟಿದೆ. ದೊಡ್ಡವರ ಆಟದಲ್ಲಿ ಬೇಸ್‌ನಿಂದ ಬೇಸ್‌ಗೆ (ರನ್ನರ್ ಓಡಿ ಮುಟ್ಟಬೇಕಾದ ನೆಲೆಗಳ ನಡುವೆ) 90 ಅಡಿ, ಚೆಂಡೆಸೆಯುವ ಪಿಚರ್‌ನ ರಬ್ಬರ್ ಪಟ್ಟಿಯಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಹನ್ನೆರಡು ವರ್ಷದವರೆಗಿನ ಮಕ್ಕಳ ಲಿಟಲ್ ಲೀಗ್ ವಿಭಾಗದಲ್ಲಿ ಇವೇ ಅಳತೆಗಳು 60 ಅಡಿಗೂ 46 ಅಡಿಗೂ ಇಳಿಯುತ್ತವೆ. ಆದರೆ ಹೋಮ್ ಪ್ಲೇಟ್‌ನಿಂದ ಎರಡೂ ಬದಿಗೆ ಚಾಚುವ ಫೌಲ್ ಗೆರೆಗಳ ಆಚೆಗಿನ ಜಾಗದ ಮಾತು ಬಂದಾಗ ಪುಸ್ತಕದ ಧಾಟಿ ಸಡಿಲವಾಗುತ್ತದೆ. ಪೂರ್ಣ ಅಳತೆಯ ಮೈದಾನದಲ್ಲಿ ಹೋಮ್ ಪ್ಲೇಟ್‌ನಿಂದ ಹಿಂದಿನ ತಡೆಬೇಲಿಯಾದ ಬ್ಯಾಕ್‌ಸ್ಟಾಪ್‌ಗೂ ಬೇಸ್ ಗೆರೆಗಳಿಂದ ಪಕ್ಕದ ಬೇಲಿಗೂ 60 ಅಡಿ ಅಥವಾ ಅದಕ್ಕಿಂತ ಹೆಚ್ಚು ಜಾಗವಿದ್ದರೆ ಒಳ್ಳೆಯದು ಎಂದು ಸಲಹೆ ಕೊಟ್ಟು ಅದು ಸುಮ್ಮನಾಗುತ್ತದೆ. ಅಮೆರಿಕದ ಊರುಗಳ ಪಾರ್ಕ್‌ಗಳಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. ಮೂರನೆಯ ಬೇಸ್‌ನ ಪಕ್ಕದಲ್ಲೇ ಬೆಂಚು, ಬಲ ಔಟ್‌ಫೀಲ್ಡ್‌ನ ಮೇಲೆ ಚಾಚಿಕೊಂಡ ಓಕ್ ಮರ, ಎಡಗಡೆ ಯಾರೋ ಬಿಟ್ಟುಹೋದ ಸಾಕರ್ ಗೋಲ್, ಅದರಾಚೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಇನ್ನೊಂದು ಬೇಸ್‌ಬಾಲ್ ಮೈದಾನ, ಹೀಗಿರುತ್ತದೆ ನಮ್ಮ ಆಟದ ನೆಲ. ಚೆಂಡು ಇವುಗಳಲ್ಲಿ ಯಾವುದಕ್ಕಾದರೂ ತಗುಲಿದಾಗ ಏನಾಗಬೇಕು ಎಂಬುದನ್ನು ಆಯಾ ಮೈದಾನದವರೇ ಮುಂಚಿತವಾಗಿ ಗೊತ್ತುಮಾಡಿ ಬರೆದಿಡುವ ಕಟ್ಟಳೆಗಳೇ ಗ್ರೌಂಡ್ ರೂಲ್ಸ್.

ಬೇ ಏರಿಯಾದಲ್ಲೋ ನ್ಯೂ ಜೆರ್ಸಿಯಲ್ಲೋ ನೆಲೆಸಿರುವ ಕನ್ನಡ ಮನೆಗಳ ಮಕ್ಕಳು ವಸಂತ ಬಂತೆಂದರೆ ಗ್ಲೌವ್ ಹಿಡಿದು ಹೊರಡುತ್ತಾರೆ. ಮಕ್ಕಳ ಲೀಗ್‌ಗಳು ನಡೆಯುವುದು ಪೋಷಕರ ಸ್ವಯಂಸೇವೆಯಿಂದಲೇ ಆದ್ದರಿಂದ ಮೈದಾನ ನೋಡಿಕೊಳ್ಳುವ ಕೆಲಸ ಒಂದಲ್ಲ ಒಂದು ವರ್ಷ ನಮ್ಮವರ ಹೆಗಲಿಗೂ ಬರುತ್ತದೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಕೆಲಸದ ತಿರುಳು ಹೊಸದೇನಲ್ಲ. ಟಾಸ್‌ಗೆ ಮೊದಲೇ ಬೌಂಡರಿ ಯಾವುದೆಂದು ಗೊತ್ತುಮಾಡಬೇಕು, ಮೈದಾನದೊಳಗಿನ ಅಡ್ಡಿಯನ್ನು ಬೌಂಡರಿ ಎಂದು ಪರಿಗಣಿಸುವುದಾದರೆ ಅದನ್ನೂ ಆಗಲೇ ತೀರ್ಮಾನಿಸಬೇಕು ಎಂದು ಕ್ರಿಕೆಟ್‌ನ ನಿಯಮಗಳೇ ಹೇಳುತ್ತವೆ. ಇಂಗ್ಲೆಂಡಿನ ಕ್ಯಾಂಟರ್‌ಬರಿ ಮೈದಾನದ ಬೌಂಡರಿಯೊಳಗೆ ಬೆಳೆದಿದ್ದ ನಿಂಬೆ ಜಾತಿಯದಲ್ಲದ ಲೈಮ್ ಮರವೊಂದಕ್ಕೆ ಚೆಂಡು ತಗುಲಿದರೆ ನಾಲ್ಕು ರನ್ ಎಂಬ ಕಟ್ಟಳೆ ಆ ಮರ 2005ರಲ್ಲಿ ಗಾಳಿಗೆ ಮುರಿದು ಬೀಳುವವರೆಗೂ ನಡೆದುಬಂದಿತ್ತು. ಬೇಸ್‌ಬಾಲ್‌ನಲ್ಲಿ ಲೆಕ್ಕ ಸ್ವಲ್ಪ ಹೆಚ್ಚು ತೊಡಕು. ಇಲ್ಲಿ ಚೆಂಡು ಹೊರಗೆ ಹೋದಾಗ ರನ್ ಸೇರಿಸಿದರೆ ಮುಗಿಯಲಿಲ್ಲ, ಬೇಸ್‌ಗಳ ಮೇಲಿರುವ ಒಬ್ಬೊಬ್ಬ ರನ್ನರ್‌ನನ್ನೂ ಎಲ್ಲಿ ನಿಲ್ಲಿಸಬೇಕು ಎಂದು ಹೇಳಬೇಕಾಗುತ್ತದೆ.

ಬರೆಯುವ ಮುನ್ನ: ಪುಸ್ತಕ ಈಗಾಗಲೇ ಹೇಳಿರುವುದು

ಸ್ಥಳೀಯ ನಿಯಮಗಳ ಹಾಳೆಯನ್ನು ಕೆಡಿಸುವ ಮೊದಲ ತಪ್ಪೆಂದರೆ ಪುಸ್ತಕದಲ್ಲಿ ಇರುವುದನ್ನೇ ಅರೆಬರೆಯಾಗಿ ಮತ್ತೆ ಬರೆಯುವುದು. ಸ್ಥಳೀಯ ನಿಯಮಕ್ಕೆ ಅಧಿಕಾರ ಕೊಡುವ ಅಧಿಕೃತ ನಿಯಮ 4.05 ಅದರ ಮಿತಿಯನ್ನೂ ಅಲ್ಲೇ ಹೇಳುತ್ತದೆ. ಆತಿಥೇಯ ತಂಡದ ಮ್ಯಾನೇಜರ್ ತನ್ನ ಮೈದಾನಕ್ಕೆ ಬೇಕೆನಿಸಿದ ಕಟ್ಟಳೆಗಳನ್ನು ಮುಖ್ಯ ಅಂಪೈರ್‌ಗೂ ಎದುರಾಳಿ ಮ್ಯಾನೇಜರ್‌ಗೂ ತಿಳಿಸಬೇಕು. ಎದುರಾಳಿ ಒಪ್ಪಿದರೆ ಅವು ಜಾರಿಗೆ ಬರುತ್ತವೆ. ಒಪ್ಪದಿದ್ದರೆ ಮೈದಾನದ ಸ್ಥಿತಿಗೆ ಅಗತ್ಯವಾದದ್ದನ್ನು ಅಂಪೈರ್ ತಾನೇ ಗೊತ್ತುಮಾಡುತ್ತಾನೆ, ಆದರೆ ಅದು ಆಟದ ಮೂಲ ನಿಯಮಗಳಿಗೆ ವಿರುದ್ಧವಾಗಿರಬಾರದು. ಮಕ್ಕಳ ಲೀಗ್‌ಗಳಲ್ಲಿ ಪ್ರತಿ ಪಂದ್ಯಕ್ಕೂ ಹೊಸದಾಗಿ ಮಾತುಕತೆ ನಡೆಸುವ ಬದಲು ಲೀಗ್‌ನ ಮಂಡಳಿಯೇ ಎಲ್ಲ ತಂಡಗಳಿಗೂ ಅನ್ವಯಿಸುವಂತೆ ಒಮ್ಮೆ ಬರೆದು ಒಪ್ಪಿಗೆ ಕೊಡುವುದು ರೂಢಿ.

ಹಾಗಾದರೆ ಪುಸ್ತಕ ಹೇಳಿರುವುದೇನು? ಎರಡು ಫೌಲ್ ಗೆರೆಗಳ ನಡುವಿನ ಫೇರ್ ಪ್ರದೇಶದಲ್ಲಿ ನೆಲಕ್ಕೆ ಬಿದ್ದು ಪುಟಿದ ಚೆಂಡು ಬೇಲಿ ಹಾರಿದರೆ, ಬೇಲಿಯ ಕೆಳಗೆ ಅಥವಾ ಸಂದಿಯಲ್ಲಿ ತೂರಿಹೋದರೆ, ಬೇಲಿಯಲ್ಲೋ ಅದರ ಮೇಲಿನ ಬಳ್ಳಿಯಲ್ಲೋ ಸಿಕ್ಕಿಕೊಂಡರೆ, ಬ್ಯಾಟರ್‌ಗೂ ರನ್ನರ್‌ಗಳಿಗೂ ಎರಡೆರಡು ಬೇಸ್. ಇದನ್ನು ಜನ ಗ್ರೌಂಡ್ ರೂಲ್ ಡಬಲ್ ಎಂದೇ ಕರೆದರೂ ಇದು ಎಲ್ಲ ಮೈದಾನಗಳಿಗೂ ಅನ್ವಯಿಸುವ ಮೂಲ ನಿಯಮ. 1930ರ ಸುಮಾರಿನವರೆಗೆ ಮೇಜರ್ ಲೀಗ್‌ಗಳಲ್ಲಿ ಪುಟಿದು ಬೇಲಿ ಹಾರಿದ ಚೆಂಡಿಗೂ ಹೋಮ್ ರನ್, ಅಂದರೆ ಎಲ್ಲ ಬೇಸ್ ಸುತ್ತಿ ಬರುವ ರನ್, ಸಿಗುತ್ತಿತ್ತು. ಪಿಚರ್ ಬ್ಯಾಟರ್‌ನತ್ತ ಎಸೆದ, ಅಂದರೆ ಪಿಚ್ ಮಾಡಿದ, ಚೆಂಡು ಬ್ಯಾಕ್‌ಸ್ಟಾಪ್‌ನ ಮೇಲಿನಿಂದಲೋ ಸಂದಿಯಿಂದಲೋ ಹೊರಗೆ ಹೋದರೆ ರನ್ನರ್‌ಗಳಿಗೆ ಒಂದು ಬೇಸ್. ಪಿಚರ್ ರಬ್ಬರ್ ಪಟ್ಟಿಯ ಮೇಲೆ ನಿಂತೇ ರನ್ನರ್‌ನನ್ನು ಹಿಡಿಯಲು ಎಸೆದ ಚೆಂಡು ಹೊರಗೆ ಹೋದರೂ ಒಂದೇ ಬೇಸ್. ಉಳಿದ ಯಾವ ಫೀಲ್ಡರ್ ಎಸೆದ ಚೆಂಡು ಹೊರಗೆ ಹೋದರೂ ಎರಡು ಬೇಸ್.

ಈ ಕಡೆಯ ವಾಕ್ಯದ ಮೇಲೆ ಬೆಂಚುಗಳಲ್ಲಿ ನಡೆಯುವಷ್ಟು ಜಗಳ ಬೇರಾವುದರ ಮೇಲೂ ನಡೆಯುವುದಿಲ್ಲ. 'ಹೋಗುತ್ತಿದ್ದ ಬೇಸ್, ಅದರ ಮೇಲೆ ಇನ್ನೊಂದು' ಎಂಬ ನಂಬಿಕೆ ಪೋಷಕರಲ್ಲಿ ಬಲವಾಗಿ ಬೇರೂರಿದೆ, ಎಷ್ಟೋ ಹಳೆಯ ಹಾಳೆಗಳಲ್ಲಿ ಅದು ಅಚ್ಚೂ ಆಗಿದೆ. ನಿಯಮ ಹಾಗಿಲ್ಲ. ಚೆಂಡು ಹೊಡೆಸಿಕೊಂಡ ಮೇಲೆ ಇನ್‌ಫೀಲ್ಡರ್ (ಬೇಸ್‌ಗಳ ಬಳಿ ನಿಲ್ಲುವ ಫೀಲ್ಡರ್) ಮಾಡಿದ ಮೊದಲ ಎಸೆತವೇ ಹೊರಗೆ ಹೋಗಿದ್ದರೆ ಪಿಚ್ ಮಾಡಿದ ಹೊತ್ತಿಗೆ ರನ್ನರ್‌ಗಳು ಯಾವ ಬೇಸ್‌ನಲ್ಲಿದ್ದರೋ ಅಲ್ಲಿಂದ ಎರಡು ಬೇಸ್ ಎಣಿಸಬೇಕು. ಆ ಎಸೆತಕ್ಕೆ ಮೊದಲೇ ಬ್ಯಾಟರ್ ಸೇರಿದಂತೆ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗಿದ್ದರೆ, ಅಥವಾ ಎಸೆದವನು ಔಟ್‌ಫೀಲ್ಡರ್ ಆಗಿದ್ದರೆ, ಚೆಂಡು ಅವನ ಕೈಬಿಟ್ಟ ಕ್ಷಣದಲ್ಲಿ ಅವರಿದ್ದ ಬೇಸ್‌ನಿಂದ ಎಣಿಸಬೇಕು. ಚೆಂಡು ಗೆರೆ ದಾಟಿದ ಕ್ಷಣಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಮೊದಲ ಬೇಸ್‌ನಲ್ಲಿ ಒಬ್ಬ ರನ್ನರ್ ಇದ್ದು, ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ನೆಲದ ಮೇಲೆ ಉರುಳಿಬಂದ ಚೆಂಡನ್ನು ಹಿಡಿದು ಮೊದಲ ಬೇಸ್‌ಗೆ ಎಸೆದದ್ದು ಬೇಲಿಯಾಚೆ ಹೋಯಿತೆನ್ನಿ. ಆ ರನ್ನರ್ ಮೂರನೆಯ ಬೇಸ್‌ಗೆ, ಬ್ಯಾಟರ್ ಎರಡನೆಯ ಬೇಸ್‌ಗೆ. ಆದ್ದರಿಂದ ಹಾಳೆಯಲ್ಲಿ 'ಬೇಸ್‌ಗಳನ್ನು ನಿಯಮ ಪುಸ್ತಕದಂತೆ ಕೊಡಲಾಗುವುದು' ಎಂಬ ಒಂದೇ ವಾಕ್ಯ ಸಾಕು. ಎಣಿಕೆಯನ್ನು ಅಂಪೈರ್‌ಗೆ ಬಿಡಿ.

ದೊಡ್ಡವರ ಹವ್ಯಾಸಿ ತಂಡಗಳು ಮಕ್ಕಳ ಮೈದಾನದಲ್ಲಿ ಆಡುವಾಗ ಗಮನಿಸಬೇಕಾದ ಇನ್ನೊಂದು ಅಂಶ ಪುಸ್ತಕದಲ್ಲೇ ಇದೆ. ಹೋಮ್ ಪ್ಲೇಟ್‌ನಿಂದ 250 ಅಡಿಗಿಂತ ಹತ್ತಿರವಿರುವ ಬೇಲಿಯನ್ನು ಚೆಂಡು ನೇರವಾಗಿ ಹಾರಿದರೂ ಬ್ಯಾಟರ್‌ಗೆ ಸಿಗುವುದು ಎರಡನೆಯ ಬೇಸ್ ಮಾತ್ರ. ಲಿಟಲ್ ಲೀಗ್‌ನ ಮಕ್ಕಳ ಮೈದಾನಕ್ಕೆ 200 ಅಡಿಯ ಬೇಲಿ ವಾಡಿಕೆಯಾದ್ದರಿಂದ ಈ ಮಾತನ್ನು ಮೊದಲೇ ಎತ್ತದಿದ್ದರೆ ಪಂದ್ಯದ ನಡುವೆ ಎತ್ತಬೇಕಾಗುತ್ತದೆ.

ಪಂದ್ಯಕ್ಕೆ ಕಾಲಮಿತಿ, ಹತ್ತು ರನ್ ಮುನ್ನಡೆಗೆ ಆಟ ಮುಗಿಸುವುದು, ಪಿಚರ್‌ಗೆ ದಿನಕ್ಕೆ ಎಷ್ಟು ಪಿಚ್ ಎಂಬವು ಲೀಗ್‌ನ ನಿಯಮಗಳು. ಮೈದಾನದ ಹಾಳೆಯಲ್ಲಿ ಅವನ್ನು ತುರುಕಬೇಡಿ. ನೆಲ, ಬೇಲಿ, ಮರ, ಬೆಂಚುಗಳ ವಿಷಯವಷ್ಟೇ ಅಲ್ಲಿರಲಿ.

ಮೊದಲ ಹೆಜ್ಜೆ: ಮೈದಾನವನ್ನು ಸುತ್ತುವುದು

ಋತು ಆರಂಭಕ್ಕೆ ಕೆಲವು ವಾರ ಮೊದಲು ಮತ್ತೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಾಧ್ಯವಾದರೆ ಅವರು ಅಂಪೈರಿಂಗ್ ಮಾಡಿದವರಾಗಿರಲಿ. ಕೈಯಲ್ಲಿ ಅಳತೆಪಟ್ಟಿ, ಒಂದು ಕಾಗದ, ಎರಡು ಹಳೆಯ ಚೆಂಡು ಇದ್ದರೆ ಸಾಕು. ಬ್ಯಾಕ್‌ಸ್ಟಾಪ್‌ನ ಹಿಂದಿನಿಂದ ಹೊರಟು ಮೊದಲ ಬೇಸ್ ಕಡೆಯ ಡಗೌಟ್, ಬಲ ಫೌಲ್ ಕಂಬ, ಔಟ್‌ಫೀಲ್ಡ್ ಬೇಲಿ, ಎಡ ಫೌಲ್ ಕಂಬ, ಮೂರನೆಯ ಬೇಸ್ ಕಡೆಯ ಡಗೌಟ್ ಹೀಗೆ ಒಂದು ಸುತ್ತು ಬನ್ನಿ. ಕಾಗದದ ಮೇಲೆ ನಕ್ಷೆ ಬರೆಯುತ್ತಾ ಹೋಗಿ. ನಕ್ಷೆ ಅಂದವಾಗಿರಬೇಕಿಲ್ಲ, ಯಾವುದೂ ಬಿಟ್ಟುಹೋಗಬಾರದು ಅಷ್ಟೆ.

ಬೇಲಿಯ ಬುಡದಲ್ಲಿ ಕುಳಿತು ನೋಡಿ. ತಂತಿಬಲೆಯ ಕೆಳ ಅಂಚು ವರ್ಷಗಳ ಹೊಡೆತಕ್ಕೆ ಹೊರಕ್ಕೆ ಬಾಗಿ, ಕೆಳಗೆ ಮಳೆನೀರು ಮಣ್ಣನ್ನು ಕೊರೆದು, ನಾಲ್ಕೈದು ಅಂಗುಲದ ಸಂದಿ ಬಿದ್ದಿರುತ್ತದೆ. ಬೇಸ್‌ಬಾಲ್‌ನ ವ್ಯಾಸ ಸುಮಾರು ಮೂರು ಅಂಗುಲ. ತಂದ ಚೆಂಡನ್ನು ಅಲ್ಲಿಗೇ ಉರುಳಿಸಿ. ತೂರಿದರೆ ನಕ್ಷೆಯಲ್ಲಿ ಗುರುತು ಹಾಕಿ. ಎರಡು ಬೇಲಿ ಸೇರುವ ಮೂಲೆ, ಗೇಟಿನ ಕೀಲಿನ ಬದಿ, ಬ್ಯಾಕ್‌ಸ್ಟಾಪ್‌ನ ಹಲಗೆಗೂ ಬಲೆಗೂ ನಡುವಿನ ಅಂತರ, ಸ್ಕೋರ್‌ಬೋರ್ಡ್‌ನ ಕಾಲುಗಳ ನಡುವಿನ ಖಾಲಿ ಜಾಗ ಇವೆಲ್ಲವನ್ನೂ ಹೀಗೆಯೇ ಪರೀಕ್ಷಿಸಬೇಕು.

ತಲೆಯೆತ್ತಿಯೂ ನೋಡಬೇಕು. ಫೆಬ್ರುವರಿಯಲ್ಲಿ ಬೋಳಾಗಿ ನಿಂತ ಮರ ಮೇ ತಿಂಗಳಿಗೆ ಎಲೆ ತುಂಬಿಕೊಂಡು ಚೆಂಡನ್ನು ನುಂಗುವಂತಾಗುತ್ತದೆ. ಚಳಿಗಾಲದಲ್ಲಿ ಸುತ್ತಿದವರು ಕೊಂಬೆಗಳ ಹರವನ್ನು ಅಂದಾಜಿಗಿಂತ ಸ್ವಲ್ಪ ಹೆಚ್ಚೇ ಹಿಡಿಯುವುದು ಕ್ಷೇಮ.

ಸುತ್ತಿ ಮುಗಿದ ಮೇಲೆ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಇದನ್ನು ಸರಿಪಡಿಸಿಯೇ ಬಿಡಬಹುದೇ ಎಂಬುದು. ಬಾಗಿದ ಬಲೆಯನ್ನು ನಾಲ್ಕು ಪ್ಲಾಸ್ಟಿಕ್ ಟೈಗಳಿಂದ ಕಂಬಿಗೆ ಬಿಗಿದರೆ ಒಂದು ನಿಯಮ ಉಳಿಯುತ್ತದೆ. ಸಾಕರ್ ಗೋಲನ್ನು ಎಳೆದು ಬದಿಗಿಟ್ಟರೆ ಇನ್ನೊಂದು ಉಳಿಯುತ್ತದೆ. ಕೊಂಬೆ ಕಡಿಯಲು ಮಾತ್ರ ಕೈಹಾಕಬೇಡಿ. ಪಾರ್ಕ್ ಸಾಮಾನ್ಯವಾಗಿ ನಗರದ ಆಡಳಿತದ್ದು, ಮರಕ್ಕೆ ಕೊಡಲಿ ಹಾಕುವ ಹಕ್ಕು ಅವರದೇ. ಅವರಿಗೆ ಬರೆದು ಕೇಳಿಕೊಳ್ಳಬೇಕು. ನನ್ನ ಅಭಿಪ್ರಾಯದಲ್ಲಿ ಹಾಳೆಯಲ್ಲಿ ಹತ್ತಕ್ಕಿಂತ ಹೆಚ್ಚು ನಿಯಮಗಳು ಬಂದವೆಂದರೆ ಆ ಮೈದಾನಕ್ಕೆ ಬೇಕಾಗಿರುವುದು ರಿಪೇರಿಯೇ ಹೊರತು ನಿಯಮಗಳಲ್ಲ.

ಎರಡನೆಯ ಹೆಜ್ಜೆ: ಆಟ ನಿಲ್ಲುವ ಗೆರೆ

ಇಡೀ ಕೆಲಸದಲ್ಲಿ ಇದೇ ಮುಖ್ಯವಾದದ್ದು. ಯಾವ ಜಾಗದವರೆಗೆ ಚೆಂಡು ಆಟದಲ್ಲಿರುತ್ತದೆ, ಎಲ್ಲಿಂದ ಆಚೆಗೆ ಡೆಡ್ ಆಗುತ್ತದೆ ಎಂಬುದು ಮೈದಾನದ ಸುತ್ತ ಎಲ್ಲಿಯೂ ಕಡಿಯದ ಒಂದು ಗೆರೆಯಾಗಿರಬೇಕು. ಬೇಲಿಯಿರುವ ಕಡೆ ಬೇಲಿಯೇ ಗೆರೆ. ತೊಡಕಿರುವುದು ಬೇಲಿ ನಿಲ್ಲುವಲ್ಲಿ. ಬಹಳಷ್ಟು ಪಾರ್ಕ್‌ಗಳಲ್ಲಿ ಡಗೌಟ್ ಮುಗಿದ ಕೂಡಲೇ ಬೇಲಿಯೂ ಮುಗಿದು, ಅಲ್ಲಿಂದ ಔಟ್‌ಫೀಲ್ಡ್‌ನ ಕಡೆಗೆ ಬರೀ ಹುಲ್ಲು ಹರಡಿರುತ್ತದೆ. ಅಜ್ಜ ಅಜ್ಜಿಯರು ಮಡಚುವ ಕುರ್ಚಿ ಹಾಕಿಕೊಂಡು ಕೂರುವುದೂ ಅಲ್ಲೇ. ಅಂಥ ಕಡೆ ಬೇಲಿಯ ಕೊನೆಯ ಕಂಬದಿಂದ ನೇರವಾಗಿ ಸುಣ್ಣದ ಗೆರೆ ಎಳೆಯಬೇಕು. ಸುಣ್ಣ ಎಳೆಯಲಾಗದಿದ್ದರೆ ಎರಡು ಗಟ್ಟಿ ಗುರುತುಗಳ ನಡುವೆ ಕಲ್ಪಿಸಿಕೊಳ್ಳುವ ಗೆರೆಯನ್ನು ಹಾಳೆಯಲ್ಲಿ ಹೇಳಬೇಕು. ಗುರುತುಗಳು ಕಂಬದಂಥವಾಗಿರಲಿ. ಕಸದ ಡಬ್ಬಿಯನ್ನು ಗುರುತಾಗಿ ಬಳಸಿದರೆ ಅದು ಪ್ರತಿವಾರ ಜಾಗ ಬದಲಿಸುತ್ತದೆ.

ಗೆರೆಯ ಬಗ್ಗೆ ಮೂರು ವಿಷಯ ಸ್ಪಷ್ಟವಾಗಬೇಕು. ಗೆರೆ ಸ್ವತಃ ಆಟದ ಒಳಗಿನದೆಂದು ಹೇಳುವುದು ವಾಡಿಕೆ, ಅದನ್ನೇ ಅನುಸರಿಸಿ. ಚೆಂಡು ಗೆರೆಯಾಚೆಯ ನೆಲವನ್ನೋ ವಸ್ತುವನ್ನೋ ವ್ಯಕ್ತಿಯನ್ನೋ ಮುಟ್ಟಿದ ಕ್ಷಣ ಡೆಡ್ ಆಗುತ್ತದೆ, ಆಮೇಲೆ ಕುರ್ಚಿಗೆ ಬಡಿದು ಒಳಗೆ ವಾಪಸು ಬಂದರೂ ಅದು ಡೆಡ್ಡೇ. ಮೂರನೆಯದು ಫೀಲ್ಡರ್‌ನ ಕಾಲು. ಕ್ಯಾಚ್ ಹಿಡಿಯಲು ಫೀಲ್ಡರ್ ಡಗೌಟ್‌ನೊಳಗೆ ಕೈಚಾಚಬಹುದು, ಆದರೆ ಒಳಗೆ ಕಾಲಿಟ್ಟು ಹಿಡಿಯುವಂತಿಲ್ಲ. ಒಳಗಡೆಯೇ ಸರಿಯಾಗಿ ಕ್ಯಾಚ್ ಹಿಡಿದು, ಆ ಓಟದ ರಭಸಕ್ಕೆ ಆಚೆ ಹೆಜ್ಜೆಯಿಟ್ಟರೆ ಅಥವಾ ಬಿದ್ದರೆ ಬ್ಯಾಟರ್ ಔಟ್, ಉಳಿದ ರನ್ನರ್‌ಗಳಿಗೆ ಒಂದೊಂದು ಬೇಸ್. ಇದು ಪುಸ್ತಕದ ಮಾತು. ಮಕ್ಕಳ ಮೈದಾನದಲ್ಲಿ ಸುಣ್ಣದ ಗೆರೆಗೂ ಡಗೌಟ್‌ಗೆ ಅನ್ವಯಿಸುವ ಕಟ್ಟಳೆಯೇ ಅನ್ವಯಿಸುತ್ತದೆ ಎಂದು ಬರೆಯುವುದು ನನಗೆ ಸರಿಕಾಣುತ್ತದೆ, ಏಕೆಂದರೆ ಗೆರೆಯಾಚೆ ಕೂಸುಗಳೊಂದಿಗೆ ಕುಳಿತವರಿರುತ್ತಾರೆ, ಅವರ ಮೇಲೆ ನುಗ್ಗಲು ಯಾವ ಫೀಲ್ಡರ್‌ಗೂ ಆಸೆ ಹುಟ್ಟಬಾರದು.

ಗೇಟುಗಳ ವಿಷಯದಲ್ಲಿ ಎರಡು ಮಾತು. ಪಂದ್ಯ ನಡೆಯುವಾಗ ಮುಚ್ಚಿರಬೇಕು. ಯಾರೋ ತೆರೆದುಬಿಟ್ಟಿದ್ದರೆ, ಮುಚ್ಚಿದಾಗ ಅದು ನಿಲ್ಲುವ ಜಾಗವೇ ಗೆರೆ ಎಂದು ಪರಿಗಣಿಸಬೇಕು.

ಮೂರನೆಯ ಹೆಜ್ಜೆ: ಮರ, ಕಂಬ, ತಂತಿ

ಈ ಭಾಗದಲ್ಲಿ ಅವಸರ ಬೇಡ. ಬ್ಯಾಟಿಗೆ ತಗುಲಿದ ಚೆಂಡು ನೆಲವನ್ನಾಗಲಿ, ಫೀಲ್ಡರ್‌ನನ್ನು ಬಿಟ್ಟು ಬೇರೆ ಯಾವುದಾದರೂ ವಸ್ತುವನ್ನಾಗಲಿ ಮುಟ್ಟಿದರೆ ಅದು ಇನ್ನು ಗಾಳಿಯಲ್ಲಿರುವ ಚೆಂಡಲ್ಲ ಎಂಬುದು ಪುಸ್ತಕದ ವ್ಯಾಖ್ಯೆ. ಆದ್ದರಿಂದ ಕೊಂಬೆಗೆ ಬಡಿದು ಕೆಳಗೆ ಬೀಳುವ ಚೆಂಡನ್ನು ಫೀಲ್ಡರ್ ಎಷ್ಟೇ ಚೆಂದವಾಗಿ ಹಿಡಿದರೂ ಕ್ಯಾಚ್ ಆಗುವುದಿಲ್ಲ. ಬ್ಯಾಕ್‌ಸ್ಟಾಪ್‌ನ ಬಲೆಗೆ ಬಡಿದು, ಬ್ಯಾಟರ್‌ನ ಹಿಂದಿರುವ ಕ್ಯಾಚರ್‌ನ ಕೈಗೆ ಬಂದ ಫೌಲ್ ಚೆಂಡಿಗೂ ಇದೇ ಕಾರಣದಿಂದ ಔಟ್ ಇಲ್ಲ.

ಫೌಲ್ ಪ್ರದೇಶದ ಮೇಲೆ ಚಾಚಿದ ಕೊಂಬೆ, ದೀಪದ ಕಂಬ, ತಂತಿ ಇವುಗಳಿಗೆ ಹೊಡೆದ ಚೆಂಡು ತಗುಲಿದರೆ ಪುಸ್ತಕದ ಪ್ರಕಾರವೇ ಅದು ಫೌಲ್. ಹೊಸ ನಿಯಮ ಬೇಕಿಲ್ಲ. ಎಸೆದ ಚೆಂಡು ಅದೇ ಕಂಬಕ್ಕೆ ತಗುಲಿ ಒಳಗೇ ಉಳಿದರೆ ಆಟ ಮುಂದುವರಿಯುತ್ತದೆ ಎಂದು ಮಾತ್ರ ಒಂದು ಸಾಲು ಬರೆಯಿರಿ. ಇಲ್ಲದಿದ್ದರೆ ರನ್ನರ್‌ಗಳು ಓಡಬೇಕೋ ನಿಲ್ಲಬೇಕೋ ತಿಳಿಯದೆ ಕೋಚ್‌ನ ಮುಖ ನೋಡುತ್ತಾರೆ.

ಫೇರ್ ಪ್ರದೇಶದ ಮೇಲಿನ ಕೊಂಬೆಯದ್ದು ನಿಜವಾದ ಕಷ್ಟ. ಮರದ ಬುಡ ಬೇಲಿಯಾಚೆಗಿದ್ದು, ಕೊಂಬೆ ಒಳಗೆ ಹದಿನೈದಿಪ್ಪತ್ತು ಅಡಿ ಬಾಗಿದೆಯೆಂದುಕೊಳ್ಳಿ. ಬೇಲಿಯಾಚೆಗಿನ ಭಾಗಕ್ಕೆ ತಗುಲಿದರೆ ಹೋಮ್ ರನ್, ಈಚೆಗಿನ ಭಾಗಕ್ಕೆ ತಗುಲಿದರೆ ಆಟ ಮುಂದುವರಿಕೆ ಎಂದು ಬರೆಯುವುದು ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ಆದರೆ ಮಕ್ಕಳ ಪಂದ್ಯದಲ್ಲಿ ಇರುವುದು ಒಬ್ಬರು ಅಥವಾ ಇಬ್ಬರು ಅಂಪೈರ್. ಸುಮಾರು 200 ಅಡಿ ದೂರದಿಂದ, ಸಂಜೆಯ ಬಿಸಿಲನ್ನು ಎದುರಿಟ್ಟುಕೊಂಡು, ಯಾವ ಎಲೆ ಅಲುಗಿತು ಎಂದು ಅವರು ಹೇಳಲಾರರು. ಅಂಪೈರ್‌ನ ಕಣ್ಣಿಗೆ ಕಾಣದ್ದನ್ನು ನಿಯಮವಾಗಿ ಬರೆಯಬಾರದು. ಅಂಥ ಕಡೆ ಕೊಂಬೆಗೆ ತಗುಲಿದ ಚೆಂಡು ಡೆಡ್, ಎರಡು ಬೇಸ್ ಎಂದು ಒಂದೇ ತೀರ್ಪು ಇಡುವುದು ಮೇಲು. ಒಂದು ಹೋಮ್ ರನ್ ತಪ್ಪಿಹೋಗಬಹುದು, ಒಂದು ಸಾಧಾರಣ ಕ್ಯಾಚ್ ಡಬಲ್ ಆಗಬಹುದು. ಎರಡೂ ತಂಡಗಳಿಗೆ ಅದು ಒಂದೇ ಬಗೆಯಲ್ಲಿ ಅನ್ವಯಿಸುತ್ತದೆ.

ಕೊಂಬೆ ಇನ್‌ಫೀಲ್ಡ್‌ನ ಮೇಲೆಯೇ ಬಂದಿದ್ದರೆ ಎರಡು ಬೇಸ್ ಕೊಡುವುದು ನಗೆಪಾಟಲಾಗುತ್ತದೆ. ಎರಡನೆಯ ಬೇಸ್‌ನ ನೆತ್ತಿಗೆ ಎದ್ದ ದುರ್ಬಲ ಚೆಂಡಿಗೆ ಬಹುಮಾನ ಕೊಟ್ಟಂತಾಗುತ್ತದೆ. ನಗರದವರು ಕೊಂಬೆ ಕಡಿಯುವವರೆಗೆ ಆ ಪಿಚ್ಚನ್ನು ಲೆಕ್ಕಕ್ಕೆ ಹಿಡಿಯದೆ, ರನ್ನರ್‌ಗಳನ್ನು ಇದ್ದಲ್ಲಿಗೇ ಕಳಿಸಿ, ಮತ್ತೆ ಪಿಚ್ ಮಾಡಿಸುವುದು ಒಂದು ದಾರಿ.

ಇಂಥ ವಿಚಿತ್ರಗಳು ನಮ್ಮ ಪಾರ್ಕ್‌ಗಳಿಗಷ್ಟೇ ಸೀಮಿತವಲ್ಲ. ಫ್ಲಾರಿಡಾದ ಟ್ರಾಪಿಕಾನಾ ಫೀಲ್ಡ್‌ನ ಚಾವಣಿಯಲ್ಲಿ ತೂಗಿಬಿಟ್ಟ ಉಕ್ಕಿನ ಓಡುದಾರಿಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟು, ಕೆಳಗಿನ ಸಿ ಮತ್ತು ಡಿ ಸುತ್ತುಗಳಿಗೆ ಫೇರ್ ಪ್ರದೇಶದಲ್ಲಿ ಚೆಂಡು ತಗುಲಿದರೆ ಹೋಮ್ ರನ್ ಎಂದು ಬರೆಯಲಾಯಿತು. ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಔಟ್‌ಫೀಲ್ಡ್ ಗೋಡೆಯ ಮೇಲಿನ ಐವಿ ಬಳ್ಳಿಯಲ್ಲಿ ಚೆಂಡು ಸಿಕ್ಕಿಕೊಂಡರೆ ಎರಡು ಬೇಸ್, ಉದುರಿ ಹೊರಬಂದರೆ ಆಟ ಮುಂದುವರಿಯುತ್ತದೆ.

ನಾಲ್ಕನೆಯ ಹೆಜ್ಜೆ: ಸಿಕ್ಕಿಕೊಂಡ ಚೆಂಡು ಮತ್ತು ಎತ್ತಿದ ಕೈ

ರಿಗ್ಲಿಯ ಔಟ್‌ಫೀಲ್ಡರ್‌ಗಳು ಚೆಂಡು ಬಳ್ಳಿಯೊಳಗೆ ಹೋದ ಕೂಡಲೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾರೆ. ಒಳಗೆ ಕೈಹಾಕಿ ತೆಗೆಯಲು ಹೊರಟರೆ ಚೆಂಡು ಸಿಕ್ಕಿಕೊಂಡಿರಲಿಲ್ಲ ಎಂದು ಅಂಪೈರ್ ತೀರ್ಮಾನಿಸಬಹುದೆಂದು ಅವರಿಗೆ ಗೊತ್ತು. ಈ ಕೈ ಎತ್ತುವ ಪದ್ಧತಿ ಮಕ್ಕಳ ಆಟಕ್ಕೂ ಇಳಿದುಬಂದಿದೆ, ಆದರೆ ಅದನ್ನು ಎಚ್ಚರದಿಂದ ಬರೆಯಬೇಕು. ಕೈ ಎತ್ತಿದ ಮಾತ್ರಕ್ಕೆ ಚೆಂಡು ಡೆಡ್ ಆಗುವುದಿಲ್ಲ. ಅದು ಅಂಪೈರ್‌ಗೆ 'ಬಂದು ನೋಡಿ' ಎಂಬ ಸೂಚನೆ. ಅಂಪೈರ್ ಹೋಗಿ ನೋಡಿ, ಚೆಂಡು ಬೇಲಿಯ ಬುಡದಲ್ಲಿ ಸಲೀಸಾಗಿ ಕೈಗೆ ಸಿಗುವಂತಿದ್ದರೆ ರನ್ನರ್‌ಗಳು ಓಡಿ ಗಳಿಸಿದ್ದು ಅವರದೇ. ಕೈ ಎತ್ತಿದ ಮೇಲೆ ಮನಸ್ಸು ಬದಲಿಸಿ ಚೆಂಡನ್ನು ಹಿಡಿದು ಎಸೆದುಬಿಟ್ಟರೆ ಆಟ ಮುಂದುವರಿಯುತ್ತದೆ.

ಎಂಟೊಂಬತ್ತು ವರ್ಷದವರಿಗೆ ಇದೆಲ್ಲ ನೆನಪಿರುವುದಿಲ್ಲ. ಸಣ್ಣ ಮಕ್ಕಳ ವಿಭಾಗಕ್ಕೆ ಚೆಂಡು ಬೇಲಿಯ ಕೆಳಗೆ ಪೂರ್ತಿ ತೂರಿಹೋದರೆ ಅಥವಾ ಬೇಲಿಗೆ ಕಚ್ಚಿಕೊಂಡು ನಿಂತರೆ ಫೀಲ್ಡರ್ ಏನು ಮಾಡಿದರೂ ಎರಡು ಬೇಸ್ ಎಂದು ಬರೆಯುವುದು ಒಳ್ಳೆಯದು. ಬೇಲಿಯ ಕೆಳಗೆ ತೋಳು ತೂರಿಸಿ ಚೆಂಡು ತಡಕುವ ಹುಡುಗನ ಕೈಗೆ ತಂತಿಯ ಮೊನೆ ಚುಚ್ಚುವ ಸಂಭವವೂ ತಪ್ಪುತ್ತದೆ.

ಔಟ್‌ಫೀಲ್ಡ್‌ಗೆ ಬೇಲಿಯೇ ಇಲ್ಲದ ಮೈದಾನಗಳಿವೆ. ಹೊಡೆದ ಚೆಂಡು ಪಕ್ಕದ ಮೈದಾನಕ್ಕೆ ಉರುಳುತ್ತಾ ಹೋದರೆ ಅಲ್ಲಿ ಆಡುತ್ತಿರುವ ಮಕ್ಕಳ ನಡುವೆ ನಮ್ಮ ಫೀಲ್ಡರ್ ಓಡಬೇಕಾಗುತ್ತದೆ. ಕೋನ್‌ಗಳನ್ನು ಸಾಲಾಗಿ ಇಟ್ಟು, ಅದನ್ನು ನೇರವಾಗಿ ಗಾಳಿಯಲ್ಲಿ ದಾಟಿದ್ದು ಹೋಮ್ ರನ್, ಉರುಳಿ ಅಥವಾ ಪುಟಿದು ದಾಟಿದ್ದು ಎರಡು ಬೇಸ್ ಎಂದು ಹೇಳಬಹುದು. ಗಾಳಿಯಲ್ಲಿ ದಾಟಿತೋ ಇಲ್ಲವೋ ಎಂಬ ಅನುಮಾನ ಇಲ್ಲಿಯೂ ಬರುತ್ತದೆ, ಆದ್ದರಿಂದ ಕೋನ್‌ಗಳ ನಡುವೆ ಹುಲ್ಲಿನ ಮೇಲೆ ಸುಣ್ಣ ಎಳೆದರೆ ಅಂಪೈರ್‌ಗೆ ಅನುಕೂಲ. ತಾತ್ಕಾಲಿಕ ಪ್ಲಾಸ್ಟಿಕ್ ಬೇಲಿ ನಿಲ್ಲಿಸುವವರು, ಫೀಲ್ಡರ್ ಕ್ಯಾಚ್ ಹಿಡಿದು ಬೇಲಿಯ ಮೇಲೆ ಬಿದ್ದು ಅದನ್ನು ನೆಲಕ್ಕೆ ಮಲಗಿಸಿದಾಗ ಏನು ಎಂಬುದನ್ನೂ ಮರೆಯದೆ ಬರೆಯಬೇಕು.

ಡಗೌಟ್ ಸುತ್ತಮುತ್ತ

ಬ್ಯಾಟು, ಹೆಲ್ಮೆಟ್, ನೀರಿನ ಬಾಟಲಿ ಎಲ್ಲವೂ ಡಗೌಟ್‌ನೊಳಗಿರಬೇಕು ಎಂಬುದು ಮೊದಲ ಸಾಲು. ಕೋಚ್ ಕೂರುವ ಚೆಂಡಿನ ಬಕೆಟ್ಟೂ ಅದರಲ್ಲಿ ಸೇರಿತು. ಡಗೌಟ್‌ನ ಬಾಯಿಗೆ ಬಕೆಟ್ ಇಟ್ಟು ಅದರ ಮೇಲೆ ಕೂರುವ ಚಪಲ ಬಹಳ ಜನಕ್ಕಿದೆ. ಲಿಟಲ್ ಲೀಗ್‌ನ ಹನ್ನೆರಡರೊಳಗಿನ ವಿಭಾಗಗಳಲ್ಲಿ ಮುಂದಿನ ಬ್ಯಾಟರ್ ಹೊರಗೆ ನಿಂತು ಬ್ಯಾಟ್ ಬೀಸುವುದಕ್ಕೂ ಅವಕಾಶವಿಲ್ಲ, ಅವನೂ ಒಳಗೇ ಇರಬೇಕು. ಹೊರಗಿಟ್ಟ ಸಾಮಾನಿಗೆ ಚೆಂಡು ತಗುಲಿದರೆ ಅಡ್ಡಿಯಾದದ್ದು ಯಾರ ಸಾಮಾನೋ ಅವರಿಗೆ ಲಾಭವಾಗದಂತೆ ಅಂಪೈರ್ ಬೇಸ್ ಕೊಡಬಹುದು ಎಂದು ಬರೆದಿಡಿ.

ಪಿಚರ್‌ಗಳು ಮೈ ಬಿಸಿಮಾಡಿಕೊಳ್ಳುವ ಬುಲ್‌ಪೆನ್ ಎಷ್ಟೋ ಪಾರ್ಕ್‌ಗಳಲ್ಲಿ ಫೌಲ್ ಗೆರೆಯ ಪಕ್ಕ, ಬೇಲಿಯ ಒಳಗಡೆಯೇ ಇರುತ್ತದೆ. ಆ ಜಾಗ ಆಟದಲ್ಲಿದೆ, ಅಲ್ಲಿರುವವರು ಫೀಲ್ಡರ್‌ಗೆ ದಾರಿ ಬಿಡಬೇಕು, ಬುಲ್‌ಪೆನ್ ಬೆಂಚಿಗೆ ತಗುಲಿದ ಎಸೆತ ಆಟದಲ್ಲೇ ಇರುತ್ತದೆ ಎಂಬ ಸಾಲುಗಳು ಬೇಕು. ಪ್ರೇಕ್ಷಕರು ಕೈಚಾಚಿ ಚೆಂಡು ಮುಟ್ಟಿದರೆ ಆ ಕ್ಷಣ ಚೆಂಡು ಡೆಡ್, ಅಡ್ಡಿಯಾಗದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಂದಾಜು ಮಾಡಿ ಅಂಪೈರ್ ತೀರ್ಪು ಕೊಡುತ್ತಾನೆ. ಇದು ಪುಸ್ತಕದಲ್ಲೇ ಇದೆ. ನಾಯಿ ನುಗ್ಗಿದಾಗ, ಪಕ್ಕದ ಮೈದಾನದ ಚೆಂಡು ಉರುಳಿಬಂದಾಗ ಅಂಪೈರ್ ಆಟ ನಿಲ್ಲಿಸಬಹುದು ಎಂದರೆ ಸಾಕು, ಬಗೆಬಗೆಯ ಪ್ರಾಣಿಗಳಿಗೆ ಬೇರೆಬೇರೆ ನಿಯಮ ಬೇಡ.

ಐದನೆಯ ಹೆಜ್ಜೆ: ವಾಕ್ಯ ಕಟ್ಟುವುದು

ಪ್ರತಿ ನಿಯಮವೂ ನಾಲ್ಕು ಸಂಗತಿ ಹೇಳಬೇಕು. ಯಾವ ಜಾಗ, ಹೊಡೆದ ಚೆಂಡೋ ಎಸೆದದ್ದೋ ಪಿಚ್ ಮಾಡಿದ್ದೋ, ಆಟ ನಿಂತಿತೋ ಮುಂದುವರಿಯಿತೋ, ನಿಂತರೆ ಎಷ್ಟು ಬೇಸ್. 'ಬೇಲಿಯಾಚೆ ಹೋದರೆ ಎರಡು ಬೇಸ್' ಎಂಬ ಸಾಲನ್ನು ಈ ನಾಲ್ಕರ ಎದುರು ಹಿಡಿದು ನೋಡಿ. ಯಾವ ಬೇಲಿ? ಕ್ಯಾಚರ್‌ಗೆ ತಪ್ಪಿ ಬ್ಯಾಕ್‌ಸ್ಟಾಪ್‌ನ ಸಂದಿಗೆ ಹೋದ ಪಿಚ್‌ಗೂ ಎರಡು ಬೇಸೇ? ಹಾಗೆ ಓದಿಕೊಂಡ ಎದುರಾಳಿ ಕೋಚ್‌ನನ್ನು ತಪ್ಪೆನ್ನಲಾಗದು. ಅದರ ಬದಲು ಹೀಗೆ ಬರೆಯಬಹುದು: 'ಮೊದಲ ಬೇಸ್ ಕಡೆಯ ಡಗೌಟ್ ಬೇಲಿಯ ಕೊನೆಯ ಕಂಬದಿಂದ ಬಲ ಫೌಲ್ ಕಂಬದ ಪಕ್ಕದ ಹಸಿರು ಕಂಬದವರೆಗಿನ ಸುಣ್ಣದ ಗೆರೆ ಆಟದ ಒಳಗಿನದು. ಎಸೆದ ಅಥವಾ ಹೊಡೆದ ಚೆಂಡು ಗೆರೆಯಾಚೆ ಮುಟ್ಟಿದರೆ ಆಟ ನಿಲ್ಲುತ್ತದೆ. ಬೇಸ್‌ಗಳನ್ನು ನಿಯಮ ಪುಸ್ತಕದಂತೆ ಕೊಡಲಾಗುವುದು.'

ಮರಕ್ಕೆ ಹೀಗೆ: 'ಬಲ ಔಟ್‌ಫೀಲ್ಡ್‌ನ ಓಕ್ ಮರದ ಯಾವುದೇ ಭಾಗಕ್ಕೆ, ಫೇರ್ ಪ್ರದೇಶದ ಮೇಲೆ, ಹೊಡೆದ ಚೆಂಡು ತಗುಲಿದರೆ ಆಟ ನಿಲ್ಲುತ್ತದೆ. ಬ್ಯಾಟರ್‌ಗೂ ಎಲ್ಲ ರನ್ನರ್‌ಗಳಿಗೂ ಪಿಚ್ ಮಾಡಿದ ಹೊತ್ತಿನಿಂದ ಎರಡು ಬೇಸ್. ಎಸೆದ ಚೆಂಡು ತಗುಲಿದರೆ ಆಟ ಮುಂದುವರಿಯುತ್ತದೆ.'

ಬರೆದದ್ದನ್ನು ಆ ಮೈದಾನವನ್ನು ನೋಡಿರದ ಒಬ್ಬರ ಕೈಗೆ ಕೊಟ್ಟು, ಮೈದಾನಕ್ಕೆ ಕರೆದೊಯ್ದು, ಪ್ರತಿ ನಿಯಮದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಅವರು ತಡವರಿಸಿದ ಕಡೆ ವಾಕ್ಯ ತಿದ್ದಬೇಕು. ಒಂದೇ ಪುಟಕ್ಕೆ ನಿಲ್ಲಿಸಿ, ಹಿಂಬದಿಯಲ್ಲಿ ನಕ್ಷೆ ಅಚ್ಚು ಹಾಕಿಸಿ.

ಪ್ಲೇಟ್ ಬಳಿ, ಪಂದ್ಯಕ್ಕೆ ಮುನ್ನ

ಹೊರಗಿನ ತಂಡಕ್ಕೆ ಹಾಳೆ ಹಿಂದಿನ ದಿನವೇ ತಲುಪಿದ್ದರೆ ಹೋಮ್ ಪ್ಲೇಟ್ ಬಳಿಯ ಮಾತುಕತೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆತಿಥೇಯ ಮ್ಯಾನೇಜರ್ ಬ್ಯಾಕ್‌ಸ್ಟಾಪ್‌ನಿಂದ ಆರಂಭಿಸಿ, ಸುತ್ತಿದ ಕ್ರಮದಲ್ಲೇ, ಕೈ ತೋರಿಸುತ್ತಾ ಹೇಳಬೇಕು. ಪುಸ್ತಕದಲ್ಲಿರುವುದನ್ನು ಅಂಪೈರ್‌ಗಳಿಗೆ ಪಾಠ ಮಾಡುವ ಅಗತ್ಯವಿಲ್ಲ. ಎದುರಾಳಿಗೆ ಯಾವುದಾದರೂ ಸರಿಬೀಳದಿದ್ದರೆ ಅಲ್ಲೇ ಕೇಳಬೇಕು, ಅಂಪೈರ್ ಅಲ್ಲೇ ಹೇಳಬೇಕು. ಮೊದಲ ಪಿಚ್ ಬಿದ್ದ ಮೇಲೆ ನಿಯಮ ಬದಲಿಸುವುದಿಲ್ಲ. ಹಾಳೆಯಲ್ಲಿಲ್ಲದ ಸಂಗತಿ ನಡೆದರೆ, ನಿಯಮಗಳು ಸ್ಪಷ್ಟವಾಗಿ ಹೇಳದ ಯಾವುದೇ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ಅಂಪೈರ್‌ಗೆ ಪುಸ್ತಕದಿಂದಲೇ ಬಂದಿದೆ. ಅದನ್ನು ಆ ದಿನಕ್ಕೆ ಒಪ್ಪಿಕೊಂಡು, ಮಂಡಳಿಯ ಮುಂದಿನ ಸಭೆಗೆ ಟಿಪ್ಪಣಿ ಮಾಡಿಕೊಳ್ಳಬೇಕು.

ಗುಡುಗಿನ ಬಗ್ಗೆ ಒಂದು ಸಾಲು ಹಾಳೆಯ ಮೇಲ್ಭಾಗದಲ್ಲೇ ಇರಲಿ. ಗುಡುಗು ಕೇಳಿದರೆ ಅಥವಾ ಮಿಂಚು ಕಂಡರೆ ಎಲ್ಲರೂ ಮೈದಾನ ಬಿಟ್ಟು ಕಟ್ಟಡದೊಳಗೋ ಮುಚ್ಚಿದ ಕಾರಿನೊಳಗೋ ಹೋಗಬೇಕು, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಮರಳಬಾರದು. ತಂತಿಬೇಲಿಯ ಡಗೌಟ್ ಆಶ್ರಯವಲ್ಲ. ಯಾವ ಕಟ್ಟಡ ತೆರೆದಿರುತ್ತದೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಿರಿ, ಏಕೆಂದರೆ ಶನಿವಾರ ಸಂಜೆ ಪಾರ್ಕ್‌ನ ಕಟ್ಟಡಗಳಿಗೆ ಬೀಗ ಬಿದ್ದಿರುವುದುಂಟು.

ಹಾಳೆಯ ಕೆಳಗೆ ದಿನಾಂಕವನ್ನೂ ಯಾವ ಋತುವಿಗೆ ಅನ್ವಯವೆಂಬುದನ್ನೂ ನಮೂದಿಸಿ, ಎರಡೂ ಡಗೌಟ್‌ಗಳ ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಕಟ್ಟಿ. ಹೊಸದನ್ನು ಕಟ್ಟುವಾಗ ಕಳೆದ ವರ್ಷದ್ದನ್ನು ಕಿತ್ತುಹಾಕಿದ್ದೀರೆಂದು ಖಚಿತಪಡಿಸಿಕೊಳ್ಳಿ. ಮೇ ತಿಂಗಳಲ್ಲಿ ಮರಗಳು ಚಿಗುರಿದ ಮೇಲೆ ಮತ್ತು ನಗರದವರು ಬೇಲಿಯನ್ನೋ ಕಂಬವನ್ನೋ ಮುಟ್ಟಿದಾಗಲೆಲ್ಲ ಅದೇ ನಕ್ಷೆ ಹಿಡಿದು ಇನ್ನೊಂದು ಸುತ್ತು ಹಾಕಬೇಕಾಗುತ್ತದೆ.